ವಾರ್ತಾಮುಖೇನ ಫ್ರೆಂಚ್ ಪ್ರಾಪ್ತಿ: ಒಂದು ಶಾಸ್ತ್ರಚರ್ಚೆ

ಸುದ್ದಿ ಕೇಳಿಯೇ ಫ್ರೆಂಚ್ ಕಲಿಯಬಹುದು ಎಂಬುದು ಇಲ್ಲಿನ ಪ್ರತಿಜ್ಞೆ. ಪಠ್ಯಪುಸ್ತಕ ಇರುವಾಗ ಈ ಉಪದ್ವ್ಯಾಪ ಏಕೆ ಎಂಬುದು ಪೂರ್ವಪಕ್ಷ. ಪೂರ್ವಪಕ್ಷಿಗಳನ್ನು ಮೊದಲೇ ಮುಗಿಸಿಬಿಡುವುದು ಸಂಪ್ರದಾಯವಾದ್ದರಿಂದ ಹೇಳುತ್ತೇವೆ: ಪಠ್ಯಪುಸ್ತಕದ ಫ್ರೆಂಚರು ಐದನೇ ಪಾಠದವರೆಗೂ ತಮ್ಮ ಹೆಸರನ್ನೇ ಹೇಳಿಕೊಳ್ಳುತ್ತಿರುತ್ತಾರೆ, ಆರನೆಯದರಲ್ಲಿ ಕಾಫಿ ಕುಡಿಯುತ್ತಾರೆ, ಕೊನೆಯ ಪುಟದವರೆಗೂ ಒಬ್ಬನೂ ಮುಷ್ಕರ ಹೂಡುವುದಿಲ್ಲ. ಇಂಥವರು ಫ್ರಾನ್ಸಿನಲ್ಲಿ ಇರುವುದು ಅಸಂಭವ. ಪೂರ್ವಪಕ್ಷ ಬಿತ್ತು. (ನಮ್ಮ ಪಿಯುಸಿಯಲ್ಲಿ ಅಂಕಕ್ಕಾಗಿ ಫ್ರೆಂಚ್ ತೆಗೆದುಕೊಂಡವರು ಈ ವಾದದಲ್ಲಿ ಪಕ್ಷಗಾರರಲ್ಲ. ಅವರು ನಿಷ್ಕಾಮಕರ್ಮಿಗಳು, ಭಾಷೆಯ ಮೇಲೆ ಆಸೆಯೇ ಇಟ್ಟವರಲ್ಲ.)

ಮಂದಾಧಿಕಾರಿಗಳಿಗೆಂದು ರೇಡಿಯೋ ಫ್ರಾನ್ಸ್ ಇಂಟರ್‌ನ್ಯಾಷನಲ್‌ನವರು ಸುಲಭ ಫ್ರೆಂಚಿನಲ್ಲಿ ಹತ್ತು ನಿಮಿಷದ ವಾರ್ತೆ ಓದುತ್ತಾರೆ. ಕಠಿಣ ಪದ ಬಂದಾಗ ನಿಂತು ಅರ್ಥ ಹೇಳುತ್ತಾರೆ. ಆ ಅರ್ಥವೂ ಫ್ರೆಂಚಿನಲ್ಲೇ ಇರುವುದರಿಂದ, ಒಂದು ಪದ ತಿಳಿಯದಿದ್ದವನಿಗೆ ಈಗ ಆರು ಪದ ತಿಳಿದಿರುವುದಿಲ್ಲ. ಅಜ್ಞಾನದ ಈ ಅಭಿವೃದ್ಧಿಯೇ ಕಲಿಕೆಯ ಮೊದಲ ಲಕ್ಷಣ.

ಇನ್ನು ಸಂಖ್ಯಾಪ್ರಕರಣ. ಫ್ರಾನ್ಸಿನಲ್ಲಿ 97 ಎನ್ನಲು 'ಕಾತ್ರ್ ವ್ಯಾಂ ದಿಸ್ಸೆತ್', ಅಂದರೆ ನಾಲ್ಕು ಇಪ್ಪತ್ತು ಹತ್ತು ಏಳು ಎನ್ನಬೇಕು. ಶಿಷ್ಯನು ನಾಲ್ಕಿಪ್ಪತ್ತಲ ಎಂಬತ್ತು ಎಂದು ಮಗ್ಗಿ ಹೇಳಿ, ಹತ್ತು ಕೂಡಿಸಿ, ಏಳನ್ನು ಹುಡುಕುವಷ್ಟರಲ್ಲಿ ಹವಾಮಾನ ವರದಿ ಶುರುವಾಗಿರುತ್ತದೆ. ಬೆಲ್ಜಿಯಂನವರು 'ನೊನಾಂತ್ ಸೆತ್' ಎಂದು ಎರಡೇ ಮಾತಿನಲ್ಲಿ ಮುಗಿಸುತ್ತಾರೆ. ಹೀಗೆ ಉಳಿಸಿದ ಸಮಯವನ್ನು ಸರ್ಕಾರ ರಚಿಸುವುದರಲ್ಲಿ ಕಳೆಯುತ್ತಾರೆ. 2010ರ ಚುನಾವಣೆಯ ನಂತರ ಅವರಿಗೆ 541 ದಿನ ಹಿಡಿಯಿತು.

ಅಷ್ಟಾದರೂ ಕೇಳಿದ ಸಂಖ್ಯೆ ಒಂದೇ ಆಗಿದ್ದರೆ ಸರಿ. ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸುವುದನ್ನು ವಿರೋಧಿಸಿ 2023ರ ಮಾರ್ಚ್ 7ರಂದು ಜನ ಬೀದಿಗಿಳಿದರು. ಗೃಹ ಸಚಿವಾಲಯದ ಲೆಕ್ಕದಲ್ಲಿ 12.8 ಲಕ್ಷ. ಕಾರ್ಮಿಕ ಸಂಘಟನೆ ಸಿಜಿಟಿಯ ಲೆಕ್ಕದಲ್ಲಿ 35 ಲಕ್ಷ. ತನ್ನ ಕಿವಿಯೇ ಸರಿಯಿಲ್ಲವೆಂದು ಶಿಷ್ಯ ಮತ್ತೆ ಕೇಳುತ್ತಾನೆ, ಮತ್ತೆ ಅದೇ. ಉಳಿದ 22.2 ಲಕ್ಷ ಜನ ಇದ್ದರೆ? ಸಚಿವಾಲಯಕ್ಕೆ ಕಾಣಲಿಲ್ಲ. ಇಲ್ಲವೇ? ಸಿಜಿಟಿಗೆ ಕಂಡಿದ್ದಾರೆ. ಆದಕಾರಣ ಇವರು ಸತ್ತೂ ಅಲ್ಲದ ಅಸತ್ತೂ ಅಲ್ಲದ ಅನಿರ್ವಚನೀಯ ಕೋಟಿಗೆ ಸೇರಿದವರು. ಶಂಕರಾಚಾರ್ಯರಿಗೆ ಹಗ್ಗ ಹಾವುಗಳ ಬದಲು ಈ ಮೆರವಣಿಗೆ ಸಿಕ್ಕಿದ್ದರೆ ಭಾಷ್ಯ ಇನ್ನಷ್ಟು ಚಿಕ್ಕದಾಗುತ್ತಿತ್ತು.

ಕ್ರಿಯಾಪದದ ವಿಚಾರದಲ್ಲಿ ಫ್ರೆಂಚ್ ಪತ್ರಕರ್ತರಿಗೆ ಪ್ರಿಯವಾದದ್ದು ಕಂಡಿಶನಲ್. ವ್ಯಾಕರಣದಲ್ಲಿ ಅದಿರುವುದು ಹೀಗಾಗಿದ್ದರೆ ಹಾಗಾಗುತ್ತಿತ್ತು ಎನ್ನುವುದಕ್ಕೆ. ಪತ್ರಿಕೆಯಲ್ಲಿ, ಕೋರ್ಟು ಮೆಟ್ಟಿಲು ಹತ್ತದಿರುವುದಕ್ಕೆ. ಮಂತ್ರಿ ತಿಂದ ಎಂದು ಬರೆಯುವುದಿಲ್ಲ, ತಿಂದಿದ್ದಾನು ಎನ್ನುವಂತೆ ಬರೆಯುತ್ತಾರೆ. ನಮ್ಮ ಪತ್ರಿಕೆಗಳ 'ಎನ್ನಲಾಗಿದೆ'ಗೆ ಇದು ಒಡಹುಟ್ಟಿದ ಅಣ್ಣ. ಸುದ್ದಿಯಿಂದಲೇ ಕಲಿತವನು ತನ್ನ ಹೆಸರನ್ನೂ ಇದೇ ರೂಪದಲ್ಲಿ ಹೇಳಿಕೊಂಡು ವೀಸಾ ಅಧಿಕಾರಿಯ ಅನುಮಾನಕ್ಕೆ ಗುರಿಯಾಗುವ ಸಂಭವವಿದೆ.

ಭೂತಕಾಲದ ಅಭ್ಯಾಸಕ್ಕೆ ಪ್ರಧಾನಮಂತ್ರಿಗಳಿದ್ದಾರೆ. 2024 ಒಂದೇ ವರ್ಷದಲ್ಲಿ ಬೋರ್ನ್, ಅತ್ತಾಲ್, ಬಾರ್ನಿಯೇ, ಬೈರೂ ಎಂದು ನಾಲ್ವರು ಆ ಕುರ್ಚಿಯಲ್ಲಿ ಕುಳಿತರು. ಹೆಸರಿನ ಉಚ್ಚಾರ ನಾಲಗೆಗೆ ಹತ್ತುವ ಹೊತ್ತಿಗೆ ಆಸಾಮಿ ಮಾಜಿಯಾಗಿರುತ್ತಾನೆ. ಲೆಕೊರ್ನ್ಯು ಎಂಬುವರಂತೂ 2025ರ ಅಕ್ಟೋಬರ್ 6, ಸೋಮವಾರ ರಾಜೀನಾಮೆ ಕೊಟ್ಟು ಶುಕ್ರವಾರ ಮತ್ತೆ ನೇಮಕವಾದರು. ಪುನರುಕ್ತಿಯಿಲ್ಲದೆ ಭಾಷೆ ಬಾರದೆಂಬ ತತ್ತ್ವವನ್ನು ಒಂದು ರಾಷ್ಟ್ರ ಇಷ್ಟು ಖರ್ಚು ಮಾಡಿ ಬೋಧಿಸಿದ್ದು ಬೇರೆಲ್ಲೂ ಕಾಣೆವು.

ಪತ್ರಿಕೆಗಳ ಪೈಕಿ 'ಲ ಮೋಂದ್' ಮಧ್ಯಾಹ್ನ ಮಾರಾಟಕ್ಕೆ ಬರುತ್ತದೆ, ಮರುದಿನದ ತಾರೀಖು ಹೊತ್ತು. ನಿನ್ನೆ, ಇಂದು, ನಾಳೆ ಎಂಬ ಪದಗಳನ್ನು ಈಗಷ್ಟೇ ಕಲಿತವರು ಇದರಿಂದ ದೂರವಿರುವುದು ಲೇಸು. 1915ರಲ್ಲಿ ಹುಟ್ಟಿದ, ಜಾಹೀರಾತನ್ನೇ ಮುಟ್ಟದ 'ಲ ಕಾನಾರ್ ಆಂಶೆನೇ' ವಾರಪತ್ರಿಕೆ ಬುಧವಾರ ಬರುತ್ತದೆ, ತಲೆಬರಹವೆಲ್ಲ ಶ್ಲೇಷೆ. ಬುಧವಾರ ಓದಿದ್ದಕ್ಕೆ ಶನಿವಾರದೊಳಗೆ ನಗು ಬಂದರೆ ಅಂಥವನನ್ನು ಉತ್ತಮಾಧಿಕಾರಿ ಎನ್ನಬಹುದು.

ಕೊನೆಯದಾಗಿ ಪ್ರಯೋಜನ. ಈ ಮಾರ್ಗದಲ್ಲಿ ಪಳಗಿದವನಿಗೆ ಅವಿಶ್ವಾಸ ಗೊತ್ತುವಳಿ ಗೊತ್ತು, ಚಮಚ ಗೊತ್ತಿಲ್ಲ. ಮತಕ್ಕೆ ಹಾಕದೆ ಮಸೂದೆ ಪಾಸು ಮಾಡಿಸುವ, ಫ್ರೆಂಚ್ ಸಂವಿಧಾನದ 49ನೇ ವಿಧಿಯ 3ನೇ ಪರಿಚ್ಛೇದವನ್ನು ವಿವರಿಸಬಲ್ಲ. ಒಂದು ಬ್ರೆಡ್ಡು ಕೊಡಿ ಎನ್ನಲಾರ. ಹಾಗಾದರೆ ಉಪವಾಸವೇ ಎಂದು ಕೇಳಬೇಡಿ. ಅಂಗಡಿಯಲ್ಲಿ ನಿಂತು '49.3' ಎಂದಷ್ಟೇ ಹೇಳಲಿ. ಸಾಲಿನಲ್ಲಿದ್ದವರೆಲ್ಲ ಜಗಳಕ್ಕೆ ಬೀಳುತ್ತಾರೆ, ಅಂಗಡಿಯಾಕೆ ಅವನ ಪರವೋ ವಿರುದ್ಧವೋ ನಿಲ್ಲುತ್ತಾಳೆ, ಆ ಗಲಾಟೆಯಲ್ಲಿ ಬ್ರೆಡ್ಡು ಕೈಗೆ ಬಂದಿರುತ್ತದೆ. ಆದ್ದರಿಂದ ವಾರ್ತಾಮಾರ್ಗವೇ ಶ್ರೇಷ್ಠ ಎಂಬುದು ಸಿದ್ಧಾಂತ.

ಈ ಮಾರ್ಗದಲ್ಲಿ ಕಲಿತು ಫ್ರಾನ್ಸಿಗೆ ಹೊರಟವರಲ್ಲಿ ಒಂದು ವಿನಂತಿ. ಸಾರ್ವಜನಿಕ ಸೇವೆಯಲ್ಲಿ ಮುಷ್ಕರ ಹೂಡುವವರು ಐದು ದಿನ ಮುಂಚೆ ನೋಟಿಸು ಕೊಡಬೇಕೆಂದು ಅಲ್ಲಿ ಕಾನೂನಿದೆ. ರೈಲಿನ ಟಿಕೆಟ್ ತೆಗೆಸುವ ಮೊದಲು ಆ ಸುದ್ದಿ ಓದಿಕೊಳ್ಳಿ. ನಿಮಗೆ ಸರಾಗವಾಗಿ ಅರ್ಥವಾಗುವುದು ಅದೊಂದೇ.