ಬೆರಳ ತುದಿಯಷ್ಟು ಮುಲಾಮು

ಸ್ಟೀರಾಯ್ಡ್ ಅಂತ ಬರೆದಿದೆ ಎಂದು ಹೆದರಿ ಟ್ಯೂಬನ್ನು ಹಾಗೇ ಬೀರುವಿನಲ್ಲಿ ಇಟ್ಟುಬಿಟ್ಟಿರಾ? ಬೇಡಿ, ಹಾಗೆ ಮಾಡಬೇಡಿ. ನಿಮ್ಮ ಯಜಮಾನರ ಮೊಣಕೈ, ಮೊಣಕಾಲು ಬಿರುಕು ಬಿಟ್ಟು ರಕ್ತ ಜಿನುಗುತ್ತಿರುವಾಗ ಔಷಧಿ ಬೀರುವಿನಲ್ಲಿದ್ದು ಯಾರಿಗೇನು ಬಂತು? ಒಲೆಯ ಮೇಲೆ ಏನೂ ಇಟ್ಟು ಬಂದಿಲ್ಲ ತಾನೇ? ಹಾಗಾದರೆ ಸ್ವಲ್ಪ ಹೊತ್ತು ನಿಲ್ಲಿ. ಈ ಸೋರಿಯಾಸಿಸ್ ಜೊತೆ ನಾನೂ ವರ್ಷಗಟ್ಟಲೆ ಬಾಳಿದವಳು. ಚರ್ಮದ ಡಾಕ್ಟರು ಹೇಳಿಕೊಟ್ಟದ್ದು, ಆಮೇಲೆ ಆಸೆಯಿಂದ ಓದಿ ತಿಳಿದದ್ದು, ಎಲ್ಲ ಹೇಳುತ್ತೇನೆ.

ಈ ಮುಲಾಮಿನ ವಿಷಯದಲ್ಲಿ ನಮ್ಮ ಜನ ಎರಡು ಪಂಗಡ. ಒಂದು ಪಂಗಡಕ್ಕೆ ಸ್ಟೀರಾಯ್ಡ್ ಎಂದರೆ ವಿಷ, ಮುಟ್ಟುವುದೇ ಇಲ್ಲ. ಇನ್ನೊಂದು ಪಂಗಡಕ್ಕೆ ಅದು ಸರ್ವರೋಗಕ್ಕೂ ಮದ್ದು. ಕಡಿತಕ್ಕೂ ಅದೇ, ಮೊಡವೆಗೂ ಅದೇ, ಮುಖ ಬೆಳ್ಳಗಾಗುವುದಕ್ಕೂ ಅದೇ. ಇಬ್ಬರೂ ಕೆಡುತ್ತಾರೆ. ಔಷಧಿಯನ್ನೇ ಒಳ್ಳೆಯದು, ಕೆಟ್ಟದ್ದು ಅಂತ ಹೇಳಲು ಬರುವುದಿಲ್ಲ. ಯಾವುದು, ಎಲ್ಲಿಗೆ, ಎಷ್ಟು, ಎಷ್ಟು ದಿನ ಅನ್ನುವ ನಾಲ್ಕು ಮಾತುಗಳೇ ಅದನ್ನು ಒಳ್ಳೆಯದೋ ಕೆಟ್ಟದ್ದೋ ಮಾಡುವುದು.

ಮೊದಲು ಕಾಯಿಲೆ ಏನು ಅಂತ ತಿಳಿದುಕೊಳ್ಳಿ. ನಮ್ಮ ಚರ್ಮ ಸುಮಾರು ಒಂದು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಕೆಳಗೆ ಹುಟ್ಟಿದ ಕಣ ಮೆಲ್ಲಗೆ ಮೇಲೆ ಬಂದು ನಮಗೆ ಗೊತ್ತಾಗದಂತೆ ಉದುರಿಹೋಗುತ್ತದೆ. ಸೋರಿಯಾಸಿಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಸುಮ್ಮಸುಮ್ಮನೆ ಕೆರಳಿ ಅವಸರ ಮಾಡುತ್ತದೆ. ತಿಂಗಳ ಕೆಲಸ ಮೂರರಿಂದ ಐದು ದಿನಕ್ಕೇ ಮುಗಿಯುತ್ತದೆ. ಕಣಗಳು ಉದುರಲು ಪುರುಸೊತ್ತಿಲ್ಲದೆ ಒಂದರ ಮೇಲೊಂದು ಕುಳಿತು ಬೆಳ್ಳಿಯಂಥ ಹೊಟ್ಟಾಗುತ್ತವೆ. ಅಡಿಯಲ್ಲಿ ಉರಿಯೂತ, ಕೆಂಪು. ಮನೆತನದಲ್ಲಿ ಇದ್ದರೆ ಬರುವ ಸಾಧ್ಯತೆ ಹೆಚ್ಚು, ಆದರೆ ಮುಟ್ಟಿದರೆ ಬರುವುದಿಲ್ಲ. ಟವೆಲಿನಿಂದ ಬರುವುದಿಲ್ಲ, ಪಕ್ಕದಲ್ಲಿ ಕುಳಿತು ಉಂಡರೂ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು 2014ರಲ್ಲಿ ಇದರ ಬಗ್ಗೆಯೇ ಒಂದು ನಿರ್ಣಯ ಮಾಡಿ, ಇದು ಅಂಟುರೋಗವಲ್ಲ, ಆದರೆ ಜನರನ್ನು ಬಹಳ ನೋಯಿಸುವ ದೀರ್ಘ ಕಾಯಿಲೆ ಎಂದು ಹೇಳಿದವು. ಬುಡಸಹಿತ ಕಿತ್ತುಹಾಕುವ ಔಷಧಿ ಇನ್ನೂ ಇಲ್ಲ. ಹತೋಟಿಯಲ್ಲಿ ಇಡುವ ಔಷಧಿ ಮಾತ್ರ ಬೇಕಾದಷ್ಟಿದೆ.

ಆ ಕೆರಳಿದ ಉರಿಯೂತವನ್ನು ತಣ್ಣಗೆ ಮಾಡುವುದೇ ಸ್ಟೀರಾಯ್ಡ್ ಮುಲಾಮಿನ ಕೆಲಸ. 1952ರಲ್ಲಿ ಅಮೆರಿಕದ ಸಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ಚರ್ಮವೈದ್ಯರು ಹೈಡ್ರೊಕಾರ್ಟಿಸೋನನ್ನು ಚರ್ಮಕ್ಕೆ ಹಚ್ಚಿ ಗುಣ ಕಂಡು ವರದಿ ಮಾಡಿದ ಮೇಲೆ ಚರ್ಮವೈದ್ಯದ ದಿಕ್ಕೇ ಬದಲಾಯಿತು. ಆಮೇಲೆ ಇನ್ನೂ ಬಲವಾದವು ಬಂದವು: ಬೀಟಾಮೆಥಸೋನ್, ಮೊಮೆಟಸೋನ್, ಎಲ್ಲಕ್ಕಿಂತ ಬಲವಾದ ಗುಂಪಿನಲ್ಲಿ ಕ್ಲೊಬೆಟಸಾಲ್. ಇಲ್ಲಿ ಒಂದು ದೊಡ್ಡ ಮೋಸವಿದೆ, ಗಮನವಿಡಿ. ಹೈಡ್ರೊಕಾರ್ಟಿಸೋನ್ ಟ್ಯೂಬಿನ ಮೇಲೆ ಶೇ. 1 ಅಂತಿರುತ್ತದೆ, ಕ್ಲೊಬೆಟಸಾಲ್ ಮೇಲೆ ಶೇ. 0.05. ಅಂಕಿ ಚಿಕ್ಕದು ಎಂದು ಕ್ಲೊಬೆಟಸಾಲನ್ನು ಸೌಮ್ಯ ಅಂದುಕೊಳ್ಳುವವರಿದ್ದಾರೆ. ನಿಜ ತಿರುವುಮುರುವು. ಬಲ ಇರುವುದು ಔಷಧಿಯ ಹೆಸರಿನಲ್ಲಿ, ಅಂಕಿಯಲ್ಲಲ್ಲ. ಟ್ಯೂಬ್ ತೆಗೆದು ದಪ್ಪಕ್ಷರದ ಕಂಪನಿ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು ಓದಿ. ಅದೇ ಮೊದಲ ಮಾತು, ‘ಯಾವುದು’.

ಎರಡನೆಯದು ‘ಎಲ್ಲಿಗೆ’. ಮೈಯೆಲ್ಲ ಒಂದೇ ಚರ್ಮವಾದರೂ ಔಷಧಿ ಹೀರುವುದು ಒಂದೇ ಸಮ ಅಲ್ಲ. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬಿಬ್ಬರು ಇದನ್ನು ಅಳೆದು ನೋಡಿದರು. ಮುಂಗೈ ಹೀರುವುದು ಒಂದು ಪಾಲು ಅಂತ ಇಟ್ಟುಕೊಂಡರೆ ನೆತ್ತಿ ಮೂರೂವರೆ ಪಾಲು, ಹಣೆ ಆರು ಪಾಲು, ದವಡೆಯ ಮೂಲೆ 13 ಪಾಲು, ಗಂಡಸರ ವೃಷಣದ ಚರ್ಮ 42 ಪಾಲು ಹೀರುತ್ತದೆ! ಅಂಗಾಲು ಮಾತ್ರ ಮುಂಗೈಯ ಏಳನೇ ಒಂದು ಭಾಗದಷ್ಟು. ಹಾಗಾಗಿಯೇ ಮೊಣಕಾಲಿಗೆ ಕೊಟ್ಟ ಬಲವಾದ ಮುಲಾಮನ್ನು ಮುಖಕ್ಕೆ, ಕಂಕುಳಿಗೆ, ತೊಡೆಸಂದಿಗೆ, ಮೊಲೆಯ ಕೆಳಗಿನ ಮಡಿಕೆಗೆ ಹಚ್ಚಕೂಡದು. ಅಲ್ಲಿ ಕಲೆ ಇದ್ದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಸೌಮ್ಯವಾದದ್ದನ್ನೋ, ಟ್ಯಾಕ್ರೊಲಿಮಸ್‌ನಂಥ ಸ್ಟೀರಾಯ್ಡ್ ಅಲ್ಲದ ಮುಲಾಮನ್ನೋ ಬರೆದುಕೊಡುತ್ತಾರೆ. ನಾಚಿಕೆಯಿಂದ ಮುಚ್ಚಿಟ್ಟು, ಇದ್ದ ಮುಲಾಮನ್ನೇ ಅಲ್ಲಿಗೂ ಸವರಿಕೊಂಡರೆ ಚರ್ಮ ತೆಳ್ಳಗಾಗಿ ಕೆಂಪು ಗೆರೆಗಳು ಬೀಳುತ್ತವೆ. ಆ ಗೆರೆಗಳು ಒಮ್ಮೆ ಬಿದ್ದರೆ ಪೂರ್ತಿ ಹೋಗುವುದಿಲ್ಲ. ಕಣ್ಣಿನ ಸುತ್ತ ಹಚ್ಚುತ್ತಾ ಹೋದರೆ ಗ್ಲಾಕೋಮಾ, ಪೊರೆಯ ಅಪಾಯವೂ ಇದೆ. ಹಚ್ಚಿದ ಮೇಲೆ ಪ್ಲಾಸ್ಟಿಕ್ ಸುತ್ತಿದರೆ, ಬಿಗಿಯಾಗಿ ಪಟ್ಟಿ ಕಟ್ಟಿದರೆ ಔಷಧಿ ಇನ್ನಷ್ಟು ಒಳಗಿಳಿಯುತ್ತದೆ. ಡಾಕ್ಟರು ಹೇಳದೆ ಅದನ್ನು ಮಾಡಬೇಡಿ.

ಮೂರನೆಯದು ‘ಎಷ್ಟು’. ಎಲ್ಲರೂ ತಡವರಿಸುವುದು ಇಲ್ಲೇ. ‘ತೆಳ್ಳಗೆ ಹಚ್ಚಿ’ ಅಂತಾರೆ, ತೆಳ್ಳಗೆ ಅಂದರೆ ಎಷ್ಟು? ಅದಕ್ಕೊಂದು ಸೊಗಸಾದ ಅಳತೆ ಇದೆ. 1991ರಲ್ಲಿ ಬ್ರಿಟನ್ನಿನ ಲಾಂಗ್ ಮತ್ತು ಫಿನ್ಲೆ ಎಂಬ ವೈದ್ಯರು ಕೊಟ್ಟದ್ದು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಒಂದು ಎಳೆ ಹಿಂಡಿದರೆ ಅದು ಹೆಚ್ಚುಕಡಿಮೆ ಅರ್ಧ ಗ್ರಾಂ. ಆ ಒಂದು ಬೆರಳ ತುದಿ, ಬೆರಳೂ ಸೇರಿದಂತೆ ಎರಡು ಅಂಗೈ ಅಗಲದ ಜಾಗಕ್ಕೆ ಸಾಕು. ದೋಸೆಗೆ ತುಪ್ಪ ಸವರಿದ ಹಾಗೆ ತೆಳುವಾಗಿ ಹರಡಬೇಕು, ಬೆಳ್ಳಗೆ ಮೆತ್ತಿಕೊಂಡು ನಿಲ್ಲಬಾರದು.

ಈಗ ನಿಮ್ಮ ಯಜಮಾನರ ಲೆಕ್ಕ ಹಾಕೋಣ. ಎರಡು ಮೊಣಕೈ, ಎರಡು ಮೊಣಕಾಲು, ಒಂದೊಂದರಲ್ಲಿ ಅಂಗೈಯಗಲದ ಕಲೆ. ಒಟ್ಟು ನಾಲ್ಕು ಅಂಗೈ, ಅಂದರೆ ಎರಡು ಬೆರಳ ತುದಿ, ಒಂದು ಗ್ರಾಂ. ದಿನಕ್ಕೆ ಎರಡು ಸಲ ಅಂದಿದ್ದರೆ ಎರಡು ಗ್ರಾಂ, ಎರಡು ವಾರಕ್ಕೆ 28 ಗ್ರಾಂ. ಒಂದು 30 ಗ್ರಾಂ ಟ್ಯೂಬು. ಅದು ನಾಲ್ಕೇ ದಿನಕ್ಕೆ ಖಾಲಿಯಾದರೆ ಅತಿಯಾಯಿತು. ಎರಡು ತಿಂಗಳಾದರೂ ಮುಗಿಯದಿದ್ದರೆ ಹಚ್ಚುತ್ತಲೇ ಇಲ್ಲ ಅಂತ. ಕಾಟಾಚಾರಕ್ಕೆ ಚುಕ್ಕಿ ಚುಕ್ಕಿ ಇಟ್ಟು ‘ಈ ಔಷಧಿ ಹಿಡಿಯಲಿಲ್ಲ’ ಎನ್ನುವವರು ಬಹಳ ಮಂದಿ. ಅವರಿಗೆ ಆಮೇಲೆ ಬೇಕಿಲ್ಲದಿದ್ದರೂ ಇನ್ನೂ ಬಲವಾದ ಔಷಧಿ ತೆಗೆದುಕೊಳ್ಳುವ ಹಾಗಾಗುತ್ತದೆ.

ನಾಲ್ಕನೆಯದು ‘ಎಷ್ಟು ದಿನ’. ಕ್ಲೊಬೆಟಸಾಲ್‌ನಂಥ ಅತಿ ಬಲದ ಮುಲಾಮಿಗೆ ಸಾಮಾನ್ಯವಾಗಿ ಒಟ್ಟಿಗೆ ಎರಡು ವಾರ, ವಾರಕ್ಕೆ 50 ಗ್ರಾಂ ಮೀರಬಾರದು ಅಂತ ಮಿತಿ ಹೇಳುತ್ತಾರೆ. ಮಿತಿ ಮೀರಿದರೆ ಅದು ಚರ್ಮದಲ್ಲೇ ನಿಲ್ಲದೆ ರಕ್ತಕ್ಕೆ ಸೇರಿ, ಮೂತ್ರಪಿಂಡದ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಯ ಕೆಲಸವನ್ನೇ ಕುಗ್ಗಿಸಬಲ್ಲದು. ಹಾಗಂತ ಬಹಳ ದಿನ ಹಚ್ಚಿದ್ದನ್ನು ಒಂದು ಬೆಳಗ್ಗೆ ತಟಕ್ಕನೆ ಬಿಡುವುದೂ ಸರಿಯಲ್ಲ. ಅಡಗಿದ್ದ ಕಾಯಿಲೆ ಮೊದಲಿಗಿಂತ ಜೋರಾಗಿ ಎದ್ದು ಬರಬಹುದು, ಕೆಲವರಿಗೆ ಕೀವಿನ ಗುಳ್ಳೆಗಳೇ ಏಳುತ್ತವೆ. ಕಲೆ ಚಪ್ಪಟೆಯಾದ ಮೇಲೆ ಡಾಕ್ಟರು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆರಡು ದಿನ ಅಂತ ಇಳಿಸುತ್ತಾರೆ. ಜೊತೆಗೆ ಕ್ಯಾಲ್ಸಿಪೊಟ್ರಿಯಾಲ್ ಎನ್ನುವ ವಿಟಮಿನ್ ಡಿ ಜಾತಿಯ ಮುಲಾಮನ್ನು ಸೇರಿಸುವುದುಂಟು. ಅದು ಚರ್ಮವನ್ನು ತೆಳ್ಳಗೆ ಮಾಡುವುದಿಲ್ಲ. ಆದರೆ ಅದಕ್ಕೂ ಮಿತಿ ಇದೆ, ದೊಡ್ಡವರಿಗೆ ವಾರಕ್ಕೆ 100 ಗ್ರಾಂ. ಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಬಹುದು. ಹೊಟ್ಟು ಕರಗಿಸುವ ಸ್ಯಾಲಿಸಿಲಿಕ್ ಆಮ್ಲದ ಜೊತೆ ಬೆರೆಸಿದರೆ ಕ್ಯಾಲ್ಸಿಪೊಟ್ರಿಯಾಲ್‌ನ ಗುಣವೇ ಹೋಗಿಬಿಡುತ್ತದೆ. ಎರಡು ಟ್ಯೂಬ್ ಕೊಟ್ಟಿದ್ದರೆ ಯಾವುದು ಬೆಳಗ್ಗೆ, ಯಾವುದು ರಾತ್ರಿ ಎಂದು ಕೇಳಿಯೇ ಬನ್ನಿ.

ಅಳತೆ, ಜಾಗ, ಹೊತ್ತು ಅನ್ನುವುದು ಸ್ಟೀರಾಯ್ಡಿಗೆ ಮಾತ್ರ ಅಲ್ಲ. ‘ಗೋವಾ ಪುಡಿ’ ಅಂತ ಒಂದಿತ್ತು. ಬ್ರೆಜಿಲಿನ ಒಂದು ಮರದ ಪುಡಿ, ಪೋರ್ಚುಗೀಸರ ವ್ಯಾಪಾರದಲ್ಲಿ ಗೋವೆಗೆ ಬಂದು ಅದೇ ಹೆಸರು ಪಡೆಯಿತು. ನಮ್ಮ ದೇಶದಲ್ಲಿ ಅದನ್ನು ಗಜಕರ್ಣಕ್ಕೆ ಹಚ್ಚುತ್ತಿದ್ದರು. 1870ರ ದಶಕದಲ್ಲಿ ಲಂಡನ್ನಿನ ಬಾಲ್ಮನೊ ಸ್ಕ್ವಾಯರ್ ಎಂಬ ವೈದ್ಯ ಅದು ಸೋರಿಯಾಸಿಸ್‌ಗೆ ಹಿಡಿಯುತ್ತದೆ ಅಂತ ಕಂಡುಕೊಂಡ. 1916ರಲ್ಲಿ ಜರ್ಮನಿಯಲ್ಲಿ ಅದನ್ನು ಹೋಲುವ ಡಿತ್ರನಾಲ್ ಬಂತು, ಇವತ್ತಿಗೂ ಕೆಲವರು ಬಳಸುತ್ತಾರೆ. ಒಳ್ಳೆಯ ಔಷಧಿಯೇ, ಆದರೆ ಕಲೆಯ ಅಂಚು ದಾಟಿ ಒಳ್ಳೆಯ ಚರ್ಮಕ್ಕೆ ತಾಗಿದರೆ ಸುಡುತ್ತದೆ, ಬಟ್ಟೆಗೆ ಕಂದು ಬಣ್ಣ ಹಿಡಿಸುತ್ತದೆ. ಆದ್ದರಿಂದ ಕಲೆಯ ಮೇಲಷ್ಟೇ ಹಚ್ಚಿ, ಹೇಳಿದಷ್ಟು ಹೊತ್ತು ಬಿಟ್ಟು ತೊಳೆದುಬಿಡುತ್ತಾರೆ.

ಗಜಕರ್ಣದ ಮಾತು ಬಂತಲ್ಲ, ನಿಮ್ಮ ತಮ್ಮನ ಮಗನಿಗೆ ಸೊಂಟದಲ್ಲಿ ದುಂಡಗೆ ಕಡಿತ ಅಂದಿರಿ. ಈ ಟ್ಯೂಬನ್ನು ಅವನಿಗೆ ಕೊಡಲೇಬೇಡಿ. ಗಜಕರ್ಣ ಶಿಲೀಂಧ್ರದ ಕೆಲಸ. ಅದರ ಮೇಲೆ ಸ್ಟೀರಾಯ್ಡ್ ಹಚ್ಚಿದರೆ ಕೆಂಪು, ಕಡಿತ ಎರಡು ದಿನ ಇಳಿಯುತ್ತವೆ, ಒಳಗೊಳಗೇ ಶಿಲೀಂಧ್ರ ಹಬ್ಬುತ್ತದೆ. ಆಮೇಲೆ ಗುರುತೇ ಸಿಗದ ರೂಪ ತಾಳಿ ಡಾಕ್ಟರನ್ನೂ ದಿಕ್ಕುತಪ್ಪಿಸುತ್ತದೆ. ಸ್ಟೀರಾಯ್ಡ್, ಶಿಲೀಂಧ್ರದ ಮದ್ದು, ಆ್ಯಂಟಿಬಯಾಟಿಕ್ ಮೂರನ್ನೂ ಕಲಸಿದ ಕ್ರೀಮುಗಳನ್ನು ಅಂಗಡಿಯಲ್ಲಿ ಕೇಳಿದವರಿಗೆಲ್ಲ ಕೊಟ್ಟು ನಮ್ಮ ದೇಶದಲ್ಲಿ ಗಜಕರ್ಣ ಹಟಮಾರಿಯಾಗಿದೆ. ಚರ್ಮವೈದ್ಯರ ಸಂಘ ಇದರ ವಿರುದ್ಧ ವರ್ಷಗಳಿಂದ ಕೂಗುತ್ತಿದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಲೇಪನಗಳನ್ನು ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಕಾನೂನೇನೋ ಬಂತು, ನಾವೂ ಕೇಳುವುದನ್ನು ಬಿಡಬೇಕಲ್ಲ. ಚೀಟಿಯಲ್ಲಿ ಯಾರ ಹೆಸರಿದೆಯೋ ಅವರಿಗಷ್ಟೇ ಆ ಟ್ಯೂಬು.

ದಿನದ ಆರೈಕೆಯೂ ಮುಖ್ಯ. ಕುದಿಯುವ ನೀರು, ಒರಟು ಬ್ರಷ್ಷು ಬೇಡ. ಹೊಟ್ಟನ್ನು ಉಗುರಿನಿಂದ ಕೀಳಬಾರದು, ಗಾಯವಾದ ಕಡೆ ಹೊಸ ಕಲೆ ಏಳುವುದು ಈ ಕಾಯಿಲೆಯ ಸ್ವಭಾವ. ಉಗುರುಬೆಚ್ಚಗಿನ ನೀರಿನಲ್ಲಿ ಮಿಂದು, ಟವೆಲಿನಿಂದ ಒತ್ತಿ ಒರೆಸಿ, ಹಸಿ ಆರುವ ಮೊದಲೇ ತೇವ ಹಿಡಿಯುವ ಕ್ರೀಮೋ, ಶುದ್ಧ ಕೊಬ್ಬರಿ ಎಣ್ಣೆಯೋ ಹಚ್ಚಿ. ಅರ್ಧ ಗಂಟೆ ಬಿಟ್ಟು ಔಷಧಿ. ಹಚ್ಚಿದ ಕೈ ತೊಳೆಯಿರಿ, ಕೈಗೇ ಚಿಕಿತ್ಸೆಯಾದರೆ ಬೇಡ. ತಲೆಗೆ ಮುಲಾಮಿಗಿಂತ ಲೋಶನ್ ಸಲೀಸು, ಮೊದಲು ಎಣ್ಣೆ ಹಾಕಿ ಹೊಟ್ಟು ಮೆತ್ತಗೆ ಮಾಡಿಕೊಳ್ಳಬೇಕು. ಇನ್ನೊಂದು, ಯಾರೂ ಹೇಳದ ಮಾತು: ವ್ಯಾಸಲೀನ್‌ನಂಥ ಜಿಡ್ಡು ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ಒಲೆಯ ಮುಂದೆ, ದೇವರ ದೀಪದ ಮುಂದೆ, ಬೀಡಿ ಸೇದುವಾಗ ಜೋಕೆ. ಬೀಡಿ, ಕುಡಿತ ಎರಡೂ ಈ ಕಾಯಿಲೆಗೆ ಆಗಿಬರುವುದಿಲ್ಲ, ಬಿಟ್ಟರೆ ಇನ್ನೂ ಒಳ್ಳೆಯದು.

ನಿಮ್ಮ ಯಜಮಾನರು ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಾರಲ್ಲ, ಅದನ್ನೂ ಚರ್ಮದ ಡಾಕ್ಟರಿಗೆ ತೋರಿಸಿ. ಬೀಟಾ ಬ್ಲಾಕರ್ ಜಾತಿಯ ಮಾತ್ರೆ, ಮನಸ್ಸಿನ ಕಾಯಿಲೆಗೆ ಕೊಡುವ ಲಿಥಿಯಂ, ಮಲೇರಿಯಾಕ್ಕೆ ಕೊಡುವ ಕ್ಲೋರೊಕ್ವಿನ್ ಕೆಲವರಲ್ಲಿ ಇದನ್ನು ಕೆರಳಿಸುತ್ತವೆ. ಆದರೆ ನೀವಾಗಿ ನಿಲ್ಲಿಸಬಾರದು, ಕೇಳಿ ಬದಲಿಸಬೇಕು. ಬೆಳಗ್ಗೆ ಎದ್ದಾಗ ಬೆರಳ ಗಿಣ್ಣು ಬಿಗಿದು ಅರ್ಧ ಗಂಟೆಯಾದರೂ ಸಡಿಲಾಗದಿದ್ದರೆ, ಗಿಣ್ಣು ಊದಿದ್ದರೆ, ಅದು ಬರೀ ವಯಸ್ಸು ಅಂತ ಬಿಡಬೇಡಿ. ಸೋರಿಯಾಸಿಸ್ ಕೀಲಿಗೂ ಇಳಿಯುತ್ತದೆ, ತಡ ಮಾಡಿದರೆ ಕೀಲು ಸೊಟ್ಟಗಾಗುತ್ತದೆ. ಅದಕ್ಕೆ ಯಾವ ಮುಲಾಮೂ ಸಾಲದು. ಜ್ವರ ಬಂದು ಮೈಯೆಲ್ಲ ಕೆಂಪಾದರೆ, ಕೀವಿನ ಗುಳ್ಳೆ ಎದ್ದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಈಗ ಒಳಗೆ ಹೋಗಿ ಚೀಟಿ ತೆಗೆಯಿರಿ. ಅದರ ಹಿಂದೆ ಬರೆಯಿರಿ: ಯಾವ ಔಷಧಿ, ಯಾವ ಜಾಗಕ್ಕೆ, ಎಷ್ಟು ಬೆರಳ ತುದಿ, ಯಾವ ತಾರೀಕಿನವರೆಗೆ. ನಾಲ್ಕರಲ್ಲಿ ಯಾವುದಕ್ಕೆ ಉತ್ತರ ಇಲ್ಲವೋ ಅದನ್ನು ನಾಳೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಕೇಳಲು ಸಂಕೋಚ ಬೇಡ. ಉತ್ತರ ಸಿಕ್ಕ ರಾತ್ರಿಯೇ ಶುರು ಮಾಡಿ. ನಿಮ್ಮ ಯಜಮಾನರು ಅರ್ಧ ತೋಳಿನ ಅಂಗಿ ಹಾಕುವುದನ್ನೇ ಬಿಟ್ಟಿದ್ದಾರೆ ಅಂದಿರಲ್ಲ, ಕಲೆ ಪೂರ್ತಿ ಹೋಗುವವರೆಗೂ ಅದಕ್ಕೆ ಕಾಯಬೇಡಿ ಅಂತ ಅವರಿಗೆ ಹೇಳಿ. ನೋಡಿದವರು ಕೇಳಿದರೆ ‘ಇದು ಸೋರಿಯಾಸಿಸ್, ಅಂಟುವುದಿಲ್ಲ, ಔಷಧಿ ಮಾಡುತ್ತಿದ್ದೇನೆ’ ಅಂದರೆ ಮುಗಿಯಿತು.