ಮಾಚು ಪಿಚುವಿಗೊಂದು ಮುಹೂರ್ತ

ಮಗಳ ಮದುವೆಗೆ ಮುಹೂರ್ತ ಇಡಲು ನಮಗೆ ಹಿಡಿದದ್ದು ಒಂದೇ ಮಧ್ಯಾಹ್ನ. ಪುರೋಹಿತರು ಪಂಚಾಂಗ ಬಿಡಿಸಿ, ಎರಡು ಸಲ ಕೆಮ್ಮಿ, ದಿನ ಹೇಳಿಬಿಟ್ಟರು. ಮಾಚು ಪಿಚುವಿಗೆ ಹೊರಡುವ ದಿನ ಗೊತ್ತುಮಾಡಲು ಮಾತ್ರ ಎರಡು ವರ್ಷ ಬೇಕಾಯಿತು.

"ಅಪ್ಪಯ್ಯ, ಈ ಸಲ ನಿಮ್ಮಿಬ್ಬರನ್ನೂ ಪೆರುವಿಗೆ ಕರ್ಕೊಂಡು ಹೋಗ್ತೀನಿ" ಎಂದು ಅಮೆರಿಕದಿಂದ ಮಗ ಫೋನು ಮಾಡಿದಾಗ ನಾನು ಮೊದಲು ಕೇಳಿದ್ದು "ಯಾವಾಗ?" ಎಂದು. ಎಲ್ಲಿಗೆ, ಎಷ್ಟು ಖರ್ಚು ಇತ್ಯಾದಿ ಅಡಿಕೆ ತೋಟದವನ ಬಾಯಲ್ಲಿ ಆಮೇಲೆ ಬರುವ ಪ್ರಶ್ನೆಗಳು. ಅವನು ಎಲ್ಲ ಓದಿಕೊಂಡೇ ಕೂತಿದ್ದ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಒಣ ಕಾಲವಂತೆ, ಅದರಲ್ಲೂ ಜೂನ್-ಜುಲೈ ಪ್ರಶಸ್ತವಂತೆ.

ಜೂನ್-ಜುಲೈ! ಎಲ್ಲ ಬಿಟ್ಟು ಅವೇ ಎರಡು ತಿಂಗಳು. ಮಲೆನಾಡಿನಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸುವ ಕಾಲ ಅದು. ಮೈಲುತುತ್ತ, ಸುಣ್ಣ ಕದಡಿಟ್ಟುಕೊಂಡು, ಮಳೆ ಎರಡು ಗಂಟೆ ಹೊಳವಾಗುವುದನ್ನೂ, ಮರ ಹತ್ತುವ ಕೊನೆಗಾರ ಬರುವುದನ್ನೂ ಒಟ್ಟಿಗೆ ಕಾಯಬೇಕು. ಮಳೆ ನಿಂತ ದಿನ ಕೊನೆಗಾರ ಇರುವುದಿಲ್ಲ. ಕೊನೆಗಾರ ಬಂದ ದಿನ ಮಳೆ ನಿಲ್ಲುವುದಿಲ್ಲ. ಇಂಥ ಹೊತ್ತಿನಲ್ಲಿ ಯಜಮಾನ ಇಂಕಾ ಅರಸರ ಹಾಳೂರು ನೋಡಲು ಹೋದರೆ, ಬರುವಷ್ಟರಲ್ಲಿ ಅವನ ತೋಟವೂ ಹಾಳೂರೇ.

"ಹಾಗಾದ್ರೆ ನವೆಂಬರ್?" ಎಂದ. ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು. "ಏಪ್ರಿಲ್?" ಅವನ ಅಮ್ಮ ಒಪ್ಪಲಿಲ್ಲ. ಏಪ್ರಿಲ್-ಮೇ ಎಂದರೆ ಮುಂಜಿ, ಮದುವೆ, ಗೃಹಪ್ರವೇಶ. ಯಾರದನ್ನು ತಪ್ಪಿಸಿದರೂ ಮುಂದಿನ ಹತ್ತು ವರ್ಷ ಅದನ್ನು ಕೇಳಿಸಿಕೊಳ್ಳಬೇಕು. ಫೆಬ್ರವರಿಯಲ್ಲಿ ಅಲ್ಲಿಗೆ ನಡೆದು ಹೋಗುವ ಇಂಕಾ ಕಾಲುದಾರಿಯನ್ನೇ ದುರಸ್ತಿಗೆಂದು ಮುಚ್ಚುತ್ತಾರಂತೆ. ನನ್ನ ಮಂಡಿಯ ಸ್ಥಿತಿಗೆ ಆ ದಾರಿ ಹನ್ನೆರಡು ತಿಂಗಳೂ ಮುಚ್ಚಿದ್ದೇ. ಆದರೂ ಬೇಡವೆನ್ನಲು ಒಂದು ಕಾರಣ ಸಿಕ್ಕಿತಲ್ಲ ಎಂದು ತಲೆಯಾಡಿಸಿದೆ.

ಹೀಗೆ ಒಂದೊಂದೇ ತಿಂಗಳು ಹೊಡೆದುಹಾಕಿ ಉಳಿದದ್ದು ಮಾರ್ಚ್. ಅಲ್ಲಿ ಅದು ಮಳೆಗಾಲದ ಬಾಲ. ಮಗ 2010ರ ಕಥೆ ತೆಗೆದ. ಆ ಜನವರಿಯಲ್ಲಿ ಮಳೆ ಹುಯ್ದು ಉರುಬಂಬಾ ನದಿ ಉಕ್ಕಿ, ಬೆಟ್ಟ ಜರಿದು, ರೈಲು ಹಳಿ ಕೊಚ್ಚಿಹೋಗಿ, ಸಾವಿರಾರು ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ಎತ್ತಿ ತರಬೇಕಾಯಿತಂತೆ. ಏಪ್ರಿಲ್‌ವರೆಗೆ ಬಾಗಿಲು ಹಾಕಿದ್ದರಂತೆ. "ವರ್ಷಕ್ಕೆ ಎಷ್ಟು ಮಳೆ ಅಲ್ಲಿ?" ಎಂದೆ. "ಸುಮಾರು 2 ಸಾವಿರ ಮಿಲಿಮೀಟರ್." ಅಡುಗೆಮನೆಯಿಂದ ನಗು ಕೇಳಿಸಿತು. ನನ್ನ ಹೆಂಡತಿಯ ತವರು ಆಗುಂಬೆಯ ಬುಡದಲ್ಲಿ. ಅಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಮೇಲೆ. "ಅಷ್ಟು ಮಳೆಗೆ ನಮ್ಮಲ್ಲಿ ಹಪ್ಪಳ ಒಣಗಿಸ್ತಾರೆ, ಹೊರಡೋಣ" ಎಂದಳು.

ಇಷ್ಟಕ್ಕೂ ಒಣ ಕಾಲ ಎಂಬುದನ್ನು ಪೂರ್ತಿ ನಂಬುವ ಹಾಗಿಲ್ಲ. ಈ ಊರನ್ನು ಲೋಕಕ್ಕೆಲ್ಲ ಸಾರಿದ ಹೈರಮ್ ಬಿಂಗ್‌ಹ್ಯಾಮ್ ಅಲ್ಲಿಗೆ ಹತ್ತಿದ್ದು 1911ರ ಜುಲೈ 24ರಂದು, ನಡು ಒಣಗಾಲದಲ್ಲಿ. ಆವತ್ತು ಬೆಳಗಾದದ್ದೇ ಥಂಡಿ ಜಿಟಿಜಿಟಿ ಮಳೆಯಲ್ಲಿ. ಜೊತೆಗಿದ್ದವರಲ್ಲಿ ಒಬ್ಬನಿಗೆ ಬಟ್ಟೆ ಒಗೆಯುವುದಿತ್ತು, ಇನ್ನೊಬ್ಬನಿಗೆ ಹೊಳೆದಂಡೆಯ ಚಿಟ್ಟೆಗಳೇ ಸಾಕಿತ್ತು. ದಾರಿ ತೋರಿಸಬೇಕಾದ ಅರ್ತೆಯಾಗನೂ ಗುಡಿಸಲು ಬಿಟ್ಟು ಏಳಲೊಲ್ಲ. ಒಂದು ಬೆಳ್ಳಿ ಸೋಲ್ ನಾಣ್ಯ ಕೊಡುತ್ತೇನೆಂದ ಮೇಲೆ ಎದ್ದ. ನಮ್ಮ ಕೊನೆಗಾರನ ಕುಲಬಾಂಧವ! ಮೇಲೆ ಹೋದರೆ, ಕಾಣೆಯಾದ ಊರಿನಲ್ಲಿ ಆಗಲೇ ರೈತ ಕುಟುಂಬಗಳು ಮೆಟ್ಟಿಲುಗದ್ದೆ ಸವರಿಕೊಂಡು ಬೇಸಾಯ ಮಾಡಿಕೊಂಡಿದ್ದವು. ಬಂದವನಿಗೆ ತಣ್ಣೀರೂ ಬೇಯಿಸಿದ ಗೆಣಸೂ ಕೊಟ್ಟರು. ನಮ್ಮಲ್ಲಾದರೆ ಬೆಲ್ಲ-ನೀರು ಕೊಡುತ್ತಿದ್ದೆವು.

ಆ ಬೆಟ್ಟದವರ ಕಾಲಜ್ಞಾನದ ಮುಂದೆ ನನ್ನ ಮಗನ ಓದು ಯಾತಕ್ಕೂ ಸಾಲದು. ಜೂನ್ 24ರ ಸುಮಾರಿಗೆ, ನಮ್ಮ ಕಡೆ ಸೂರ್ಯ ದಕ್ಷಿಣಕ್ಕೆ ತಿರುಗುವ ಹೊತ್ತಿಗೆ, ಅವರಿಗೆ ಸೂರ್ಯ ತಿರುಗಿ ಬರುವ ಹಬ್ಬ. ಆಗ ಪೆರು, ಬೊಲಿವಿಯಾಗಳ ಎತ್ತರದ ಹಳ್ಳಿಗಳ ರೈತರು ಬೆಳಗಿನ ಜಾವ ದಿಣ್ಣೆ ಹತ್ತಿ ಕೃತ್ತಿಕೆ ನೋಡುತ್ತಾರೆ. ಹೌದು, ನಮ್ಮ ಮಳೆನಕ್ಷತ್ರಗಳ ಪಟ್ಟಿಯಲ್ಲಿ ರೋಹಿಣಿಯ ಹಿಂದಿನ ಮನೆಯದೇ. ಅಲ್ಲಿ ಆ ಗೊಂಚಲಿನ ಹೆಸರೇ ಕಣಜ. ಚುಕ್ಕೆಗಳು ಫಳಫಳ ಹೊಳೆದರೆ ಮಳೆ ಚೆನ್ನ. ಮಂಕಾಗಿ ಕಂಡರೆ ಮಳೆ ತಡ, ಆಲೂಗಡ್ಡೆ ನಾಟಿ ಮುಂದಕ್ಕೆ. 2000ನೇ ಇಸವಿಯಲ್ಲಿ ಮೂವರು ವಿಜ್ಞಾನಿಗಳು ಕೂತು ತಾಳೆ ನೋಡಿದರೆ, ಲೆಕ್ಕ ಸರಿಯಾಗಿಯೇ ಇತ್ತು. ಎಲ್ ನಿನೋ ವರ್ಷಗಳಲ್ಲಿ ಬಲು ಎತ್ತರದಲ್ಲಿ, ಕಣ್ಣಿಗೆ ಕಾಣದಷ್ಟು ತೆಳ್ಳನೆ ಮೋಡ ಕವಿಯುತ್ತದೆ, ಚುಕ್ಕೆ ಮಂಕಾಗುತ್ತದೆ. ಅದೇ ವರ್ಷ ಮಳೆಯೂ ಕಡಿಮೆ. ಇದನ್ನು ಕೇಳಿದ ಮೇಲೆ ಪೆರು ನನಗೆ ಪರದೇಶ ಅನ್ನಿಸಲಿಲ್ಲ. ಆಲೂಗಡ್ಡೆ ಅಲ್ಲಿಂದ ನಮಗೆ ಬಂದಿದೆ; ಕೃತ್ತಿಕೆ ಮಾತ್ರ ಇಬ್ಬರಿಗೂ ಮೊದಲಿಂದ ಇತ್ತು.

ಅಂತೂ ಮಾರ್ಚಿನಲ್ಲಿ ಹೋದೆವು. ತೋಟಕ್ಕೆ ನೀರು ಬಿಡಲು ಪಕ್ಕದ ಮನೆಯವರು ಒಪ್ಪಿದ್ದರು. ಕುಸ್ಕೊ ಊರು 3,400 ಮೀಟರ್ ಎತ್ತರ. ಅಲ್ಲಿ ಎರಡು ದಿನ ತಲೆ ಧಿಮ್ಮೆನ್ನುತ್ತಿತ್ತು. ಹೋಟೆಲಿನವರು ಕೋಕಾ ಎಲೆಯ ಕಷಾಯ ಕೊಟ್ಟರು. ನನ್ನ ಹೆಂಡತಿ ತಂದಿದ್ದ ಜೀರಿಗೆ ಕಷಾಯವೂ ಆಯಿತು. ಯಾವುದರಿಂದ ವಾಸಿಯಾಯಿತೆಂಬ ವಾದ ಈಗಲೂ ನಡೆಯುತ್ತಿದೆ. ಮಾಚು ಪಿಚುವಿಗೆ ಅಲ್ಲಿಂದ ಹತ್ತುವುದಲ್ಲ, ಇಳಿಯುವುದು: 2,430 ಮೀಟರಿಗೆ. ಹಾಗೆಂದು ಹಗುರ ಮಾಡುವ ಹಾಗಿಲ್ಲ, ನಮ್ಮ ಮುಳ್ಳಯ್ಯನಗಿರಿಗಿಂತ 500 ಮೀಟರ್ ಮೇಲೆಯೇ. ಹೊಳೆಯ ಪಕ್ಕದ ಊರಿನವರೆಗೆ ರೈಲು, ಆಮೇಲೆ ಬಸ್ಸು. ರಸ್ತೆ ಆಗುಂಬೆ ಘಾಟಿಯಂಥದೇ.

ಬಾಗಿಲಲ್ಲಿ ಅವಮಾನ ಕಾದಿತ್ತು. ಒಳಗೆ ಒಯ್ಯಬಾರದ ವಸ್ತುಗಳ ಪಟ್ಟಿಯಲ್ಲಿ ಕೊಡೆಯೂ ಇತ್ತು. ಮಲೆನಾಡಿನವನ ಕೈಯಿಂದ ಕೊಡೆ ಕಸಿಯುವುದೆಂದರೆ! ಪಂಚೆ ಬಿಚ್ಚಿಟ್ಟು ಹೋಗಿ ಎಂದಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಹೊರಗೆ ಒಬ್ಬಾಕೆ ನೀಲಿ ಪ್ಲಾಸ್ಟಿಕ್ಕಿನ ಪೊಂಚೊ ಮಾರುತ್ತಿದ್ದಳು. ನನ್ನ ಹೆಂಡತಿ ಅದನ್ನು ಬಿಡಿಸಿ ತಲೆಗೆ ಹಾಕಿಕೊಂಡು, "ಎಂತದಿದು, ನಮ್ಮ ಕಂಬಳಿಕೊಪ್ಪೆ ಅಲ್ವಾ?" ಎಂದಳು.

ಒಳಗೆ ಏನೂ ಕಾಣಲಿಲ್ಲ. ಕ್ಯಾಲೆಂಡರಿನಲ್ಲಿ ನೋಡುವ ಆ ನೋಟದ ಜಾಗದಲ್ಲಿ ನಿಂತರೆ ಹಾಲಿನ ಪಾತ್ರೆಯೊಳಗೆ ಬಗ್ಗಿ ನೋಡಿದ ಹಾಗೆ. ಸುತ್ತ ಪರದೇಶದ ಹುಡುಗರು ಮುಖ ಸಣ್ಣ ಮಾಡಿಕೊಂಡು ಕೂತಿದ್ದರು. ಮಗನಂತೂ ಮಂಜನ್ನು ತಾನೇ ತರಿಸಿದವನಂತೆ ಕ್ಷಮೆ ಕೇಳತೊಡಗಿದ.

ನನ್ನ ಹೆಂಡತಿ ಇದ್ಯಾವುದನ್ನೂ ನೋಡುತ್ತಿರಲಿಲ್ಲ. ಕೆಳಗೆ ನೋಡುತ್ತಿದ್ದಳು. "ಇಷ್ಟು ನೀರು ಬೀಳ್ತಾ ಇದೆ, ದಾರಿಯಲ್ಲಿ ಎಲ್ಲೂ ಕೆಸರೇ ಇಲ್ಲ. ಎಲ್ಲಿಗೆ ಹೋಗತ್ತೆ?"

ಒಂದು ಗೋಡೆಯ ಬುಡದಲ್ಲಿ ಅಂಗೈ ಅಗಲದ ಚೌಕ ತೂತಿತ್ತು. ಅದರಿಂದ ಬೆರಳುದಪ್ಪ ನೀರು ಸದ್ದಿಲ್ಲದೆ ಬಂದು, ಕಲ್ಲಿನಲ್ಲಿ ಕೊರೆದ ಸಣ್ಣ ಕಾಲುವೆಗೆ ಬಿದ್ದು, ಮೆಟ್ಟಿಲ ಪಕ್ಕದಲ್ಲೇ ಇಳಿದು ಹೋಗುತ್ತಿತ್ತು. ಇವಳು ಕೂತು ಕೈ ಒಡ್ಡಿದಳು. ನೀರು ತಿಳಿಯಾಗಿತ್ತು, ಒಂದು ಚೂರು ಮಣ್ಣಿಲ್ಲ. ಆಮೇಲೆ ನಮಗೆ ಅದೇ ಕೆಲಸವಾಯಿತು. ಒಂದು, ಎರಡು, ಹದಿನೇಳು. ಎಂಜಿನಿಯರುಗಳು ಇಂಥವನ್ನು ಸುಮಾರು 130 ಎಣಿಸಿದ್ದಾರಂತೆ. ಮೆಟ್ಟಿಲುಗದ್ದೆಗಳ ಒಳಗೂ ಮೇಲೆ ಮಣ್ಣು, ಕೆಳಗೆ ಮರಳು-ಜಲ್ಲಿ, ಅದರ ಕೆಳಗೆ ಕಲ್ಲು. ನೀರು ಬಸಿದು ಹೋಗಬೇಕು, ಧರೆ ಜರಿಯಬಾರದು. ಇಡೀ ಊರಿನ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ನೆಲದೊಳಗೇ ಇದೆ ಎಂದು ಆ ಎಂಜಿನಿಯರುಗಳ ಅಂದಾಜು. 1450ರ ಹೊತ್ತಿಗೆ ಕಟ್ಟಿ, ನೂರು ವರ್ಷ ಬಾಳಿ, ಬಿಟ್ಟುಹೋದ ಊರು. ಹುಲ್ಲಿನ ಮಾಡುಗಳೆಲ್ಲ ಹೋಗಿವೆ. ಮಾಡಿಗೆ ಹಗ್ಗ ಬಿಗಿಯುತ್ತಿದ್ದ ಕಲ್ಲುಗೂಟಗಳು ಗೋಡೆಯ ತಲೆಯಲ್ಲಿ ಸುಮ್ಮನೆ ಚಾಚಿಕೊಂಡಿವೆ. ಮಳೆ ಬಂದರೆ ನೀರು ಬಸಿಯುವ ಕೆಲಸ ಮಾತ್ರ ಈಗಲೂ ನಡೆದಿದೆ. ಜುಲೈಯಲ್ಲಿ ಬಂದಿದ್ದರೆ ನಾವು ಒಣಗಿದ ತೂತು ನೋಡಿಕೊಂಡು ಹೋಗಬೇಕಿತ್ತು.

ಕಾವಲಿನವನು ಪೀಪಿ ಊದಿದ. ಅಲ್ಲಿ ಕೂರಬಾರದು, ದಾರಿ ಒಂದೇ ದಿಕ್ಕಿಗೆ, ನಡೆಯಬೇಕು. "ಬಂದೆ ಮಾರಾಯ" ಎಂದು ಇವಳು ಕನ್ನಡದಲ್ಲೇ ಹೇಳಿ ಎದ್ದಳು. ಅವನು ಏನೋ ಅರ್ಥವಾದವನಂತೆ ತಲೆಯಾಡಿಸಿದ.

ಆವತ್ತಿನ ಒಂದೇ ಒಂದು ಒಳ್ಳೆಯ ಫೋಟೊವನ್ನು ಮಗ ರಾತ್ರಿ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ. ಹಿಂದೆಲ್ಲ ಬಿಳಿ ಮಂಜು. ಮುಂದೆ ನೀಲಿ ಕೊಪ್ಪೆ ಹೊದ್ದು ಕೂತು ತೂತಿಗೆ ಬೆರಳು ತೋರಿಸುತ್ತಿರುವ ಅವನ ಅಮ್ಮ. ಆಗುಂಬೆಯಿಂದ ಬಾಮೈದನ ಉತ್ತರ ತಕ್ಷಣ ಬಂತು: "ಭಾವ, ಪೆರುವಿಗೆ ಹೋಗೋದು ಕ್ಯಾನ್ಸಲ್ ಆಯ್ತಾ? ಇದು ಯಾರ ತೋಟದ ಬಸಿಗಾಲುವೆ?"