ಮಸ್ಕಿ ಸೀಮೆಯ ದೇಹಧ್ವನಿಗಳು: ಒಂದು ಶಾಸ್ತ್ರೀಯ ವಿವೇಚನೆ

ಶಬ್ದ ಹುಟ್ಟುವುದು ಹೊಕ್ಕುಳ ಬುಡದಲ್ಲಿ, ಗಾಳಿಯ ನೆರವಿನಿಂದ, ಕಹಳೆಯ ರೀತಿಯಲ್ಲಿ ಎಂದು 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಹೇಳಿದ್ದಾನೆ. ಆ ಗಾಳಿ ಮೇಲಕ್ಕೆ ಹೋದರೆ ಅಕ್ಷರವಾಗುತ್ತದೆ, ಸರಿ. ದಾರಿ ತಪ್ಪಿ ಕೆಳಕ್ಕಿಳಿದರೆ? ಅಲ್ಲಿ ವೈಯಾಕರಣಿ ಮೌನ. ಪ್ರಸ್ತುತ ಪ್ರಬಂಧದ ಹುಟ್ಟು ಆ ಮೌನದಲ್ಲಿದೆ.

ಸಂಸ್ಕೃತದವರಿಗೆ ಈ ತಾಪತ್ರಯವಿಲ್ಲ. ತೇಗಿಗೆ ನಾಗ, ಸೀನಿಗೆ ಕೃಕರ, ಆಕಳಿಕೆಗೆ ದೇವದತ್ತ ಎಂದು ಉಪಪ್ರಾಣಗಳನ್ನೇ ನೇಮಿಸಿಬಿಟ್ಟಿದ್ದಾರೆ. ಚರಕನಂತೂ ತಡೆಯಬಾರದ 13 ವೇಗಗಳಲ್ಲಿ ಇವನ್ನೂ ಅಧೋವಾಯುವನ್ನೂ ಸೇರಿಸಿ ಅಭಯ ಕೊಟ್ಟಿದ್ದಾನೆ. ಮಸ್ಕಿಯಲ್ಲಿ ಆಕಳಿಸಿದವನಿಗೆ ‘ದೇವದತ್ತ ಬಂದ’ ಅಂದರೆ ‘ಯಾರ್ರೀ ಆಂವ?’ ಅಂದಾನು.

ಇಲ್ಲಿಯ ಶಬ್ದಸಂಪತ್ತು ಬೇರೆ. ಮಂಡಾಳ ಒಗ್ಗರಣಿ, ಎರಡು ಮಿರ್ಚಿ, ಮೇಲೊಂದು ಸೋಡಾ ಮುಗಿಸಿದ ಹಿರಿಯರೊಬ್ಬರನ್ನು ಗಮನಿಸಿ. ಅಂಗೈ ಎದೆಗೇರುತ್ತದೆ, ಕುತ್ತಿಗೆ ತುಸು ಉದ್ದವಾಗುತ್ತದೆ, ಕಣ್ಣು ಅರೆಮುಚ್ಚುತ್ತದೆ, ಆಮೇಲೆ ‘ಡರ್ರ್’. ದ್ವಿತ್ವ ಕಡ್ಡಾಯ. ಒಂಟಿ ರಕಾರದ ಡೇಗನ್ನು ಅಜೀರ್ಣವೆಂದೂ, ಕೊನೆಗೆ ‘ಶಿವಾ’ ಸೇರಿದ್ದನ್ನು ಪೂರ್ಣವಾಕ್ಯವೆಂದೂ ತಿಳಿಯತಕ್ಕದ್ದು. ಬಿಕ್ಕಳಿಕೆ ಬಂದರೆ ‘ಯಾರೋ ನೆನಸಾಕತ್ಯಾರ’. ಆದ್ದರಿಂದ ಅದು ಅಂಚೆ ಇಲಾಖೆಗೆ ಸೇರಿದ ವಿಷಯ. ಒಂಟಿ ಸೀನು ಅಪಶಕುನ, ಹೊರಟವರು ತುಸು ಕೂತು ಏಳಬೇಕು. ಗೊರಕೆಯನ್ನು ಕೈಬಿಡಲಾಗಿದೆ. ಅದರ ಮೇಲೆ ಬರೆಯುವ ಅಧಿಕಾರ ಪಕ್ಕದಲ್ಲಿ ಮಲಗಿದವರದು.

ಇನ್ನು ಮುಖ್ಯ ಸಮಸ್ಯೆ, ಹೂಸು. ಪದವಿದೆ, ಕ್ರಿಯೆಯಿದೆ, ಕರ್ತೃ ಇಲ್ಲ. ಇತಿಹಾಸಕಾರರೂ ಒಮ್ಮೆ ಇದೇ ಇಕ್ಕಟ್ಟಿನಲ್ಲಿದ್ದರು: ಬಂಡೆಬಂಡೆಯ ಮೇಲೆ ‘ದೇವಾನಾಂಪ್ರಿಯ’ನ ಅಪ್ಪಣೆ, ಆತ ಯಾರೆಂಬುದಕ್ಕೆ ಕಲ್ಲಿನ ಸಾಕ್ಷಿಯಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಕಂಡ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಸಿಕ್ಕಿತು, ಚರ್ಚೆ ಮುಗಿಯಿತು. ಆದರೆ ಅದೇ ಮಸ್ಕಿಯ ಮೇಲೆ ಹಾಯುವ ಸಿಂಧನೂರು–ಲಿಂಗಸುಗೂರು ಬಸ್ಸಿನಲ್ಲಿ ಶಾಸನ ಹೊರಟರೆ ಹೆಸರು ಹೇಳಿಕೊಳ್ಳುವ ಚಕ್ರವರ್ತಿ ಒಬ್ಬನೂ ಇಲ್ಲ. ಎಲ್ಲರೂ ಮೂಗಿಗೆ ಟವೆಲ್ ಒತ್ತಿ ಹಿಂದಿನ ಸೀಟು ನೋಡುತ್ತಾರೆ. ಹಿಂದಿನ ಸೀಟಿನವರು ಕಂಡಕ್ಟರನನ್ನು ನೋಡುತ್ತಾರೆ. ಕಂಡಕ್ಟರ್ ‘ಟಿಕೆಟ್ ಟಿಕೆಟ್’ ಅನ್ನುತ್ತ ಮುಂದೆ ಸರಿಯುತ್ತಾನೆ.

ಈ ವಿಷಯದಲ್ಲಿ ಕ್ಷೇತ್ರಕಾರ್ಯ ಮುಂದುವರಿಸುವ ಸಂಶೋಧಕರಲ್ಲಿ ವಿನಂತಿ: ಕಿಟಕಿ ಪಕ್ಕದ ಸೀಟಿಗೆ ಮೊದಲೇ ಟವೆಲ್ ಹಾಕಿರಿ.